ಲಕ್ಷ ಕಿಲೋಮೀಟರ್ ದಾಟಿದ ಕಾರು: ಕೊಳ್ಳಬೇಕೋ ಬಿಡಬೇಕೋ, ನೋಡುವುದು ಹೇಗೆ?

ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದವರು ಬಾಗಿಲು ತೆಗೆದ ಕೂಡಲೇ ಮೀಟರ್ ಮೇಲೆ ಕಣ್ಣು ಹಾಯಿಸುತ್ತಾರೆ. 48,000 ಅಂತಿದ್ದರೆ ಮುಖ ಅರಳುತ್ತದೆ. 1,30,000 ಅಂತಿದ್ದರೆ ‘ತುಂಬಾ ಓಡಿಬಿಟ್ಟಿದೆ, ಬೇಡ ಬಿಡಿ’ ಎಂದು ಎದ್ದು ಬರುತ್ತಾರೆ. ಮಾರುವವರಿಗೆ ಈ ಸ್ವಭಾವ ಚೆನ್ನಾಗಿ ಗೊತ್ತಿದೆ, ಮೀಟರ್ ತಿರುಗಿಸುವ ದಂಧೆ ನಡೆಯುತ್ತಿರುವುದೇ ಇದರ ಮೇಲೆ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಸರ್ವಿಸ್ ದಾಖಲೆ ಇರುವ 1,30,000ದ ಗಾಡಿ, ದಾಖಲೆಯೇ ಇಲ್ಲದ 48,000ದ ಗಾಡಿಗಿಂತ ವಾಸಿ. ಆದರೆ ಒಂದು ಷರತ್ತು: ಮುಂದಿನ ಎರಡು ವರ್ಷದಲ್ಲಿ ಆ ಗಾಡಿ ಕೇಳಲಿರುವ ಖರ್ಚು ಈಗಲೇ ನಮ್ಮ ಅಂದಾಜಿಗೆ ಸಿಗಬೇಕು, ಮತ್ತು ಅಷ್ಟು ಹಣ ಬೆಲೆಯಲ್ಲಿ ಇಳಿಯಬೇಕು. ಕೆಳಗಿರುವುದೆಲ್ಲ ಆ ಅಂದಾಜಿಗೆ ಬರುವ ದಾರಿ.

ಕಿಲೋಮೀಟರ್ ಬಿಡಿ, ಗಂಟೆ ಲೆಕ್ಕ ಹಾಕಿ

ಬೆಂಗಳೂರಿನಲ್ಲಿ ಸಿಲ್ಕ್ ಬೋರ್ಡ್–ಮಾರತಹಳ್ಳಿ ನಡುವೆ ದಿನಾ ಆಫೀಸಿಗೆ ಓಡಾಡಿದ ಗಾಡಿ ಸರಾಸರಿ ಗಂಟೆಗೆ 20 ಕಿಲೋಮೀಟರ್ ಹೋಗಿದೆ ಅಂದುಕೊಳ್ಳಿ. 60,000 ಕಿಲೋಮೀಟರ್ ಆಗುವಷ್ಟರಲ್ಲಿ ಅದರ ಎಂಜಿನ್ 3,000 ಗಂಟೆ ಉರಿದಿರುತ್ತದೆ. ಹುಬ್ಬಳ್ಳಿ–ಬೆಂಗಳೂರು ಹೆದ್ದಾರಿಯಲ್ಲೇ ಹೆಚ್ಚಾಗಿ ಓಡಿ, ಸರಾಸರಿ 55ರಲ್ಲಿ 1,30,000 ಮುಗಿಸಿದ ಗಾಡಿಯ ಎಂಜಿನ್ ಉರಿದದ್ದು 2,400 ಗಂಟೆಯೂ ಇಲ್ಲ. ಕ್ಲಚ್ ತುಳಿದದ್ದು, ಬ್ರೇಕ್ ಹಿಡಿದದ್ದು, ಗೇರ್ ಬದಲಿಸಿದ್ದು ಇವುಗಳ ಲೆಕ್ಕ ತೆಗೆದರೆ ವ್ಯತ್ಯಾಸ ಇನ್ನೂ ದೊಡ್ಡದು.

ಹಾಗಂತ ಹೈವೇ ಗಾಡಿಯಲ್ಲಿ ಏನೂ ಸವೆಯುವುದಿಲ್ಲ ಎಂದಲ್ಲ. ವೀಲ್ ಬೇರಿಂಗ್, ಶಾಕ್ ಅಬ್ಸಾರ್ಬರ್, ಬುಷ್, ಟೈಮಿಂಗ್ ಬೆಲ್ಟ್ (ಎಂಜಿನ್ ವಾಲ್ವ್‌ಗಳನ್ನು ಪಿಸ್ಟನ್ ತಾಳಕ್ಕೆ ಓಡಿಸುವ ಪಟ್ಟಿ) ಇವೆಲ್ಲ ಕಿಲೋಮೀಟರಿಗೆ ತಕ್ಕಂತೆ ಸವೆಯುವಂಥವು. ಇನ್ನೊಂದು ಕಡೆ, ಎಂಟು ವರ್ಷದಲ್ಲಿ 20,000 ಮಾತ್ರ ಓಡಿ ಅಪಾರ್ಟ್‌ಮೆಂಟ್ ಬೇಸ್‌ಮೆಂಟಿನಲ್ಲಿ ಧೂಳು ತಿಂದ ಗಾಡಿಯ ರಬ್ಬರ್ ಹೋಸ್‌ಗಳು ಒಣಗಿರುತ್ತವೆ, ಟೈರ್ ಗಟ್ಟಿಯಾಗಿರುತ್ತದೆ, ಬ್ಯಾಟರಿ ಸತ್ತಿರುತ್ತದೆ. ‘ಓಡೇ ಇಲ್ಲ ಸಾರ್’ ಎನ್ನುವುದು ಯಾವಾಗಲೂ ಹೊಗಳಿಕೆಯಲ್ಲ.

ಆದ್ದರಿಂದ ಮಾರುವವರ ಹತ್ತಿರ ಮೊದಲು ಕೇಳಬೇಕಾದದ್ದು ಗಾಡಿ ಎಲ್ಲಿ ಓಡಿತು, ಯಾರು ಓಡಿಸಿದರು ಎಂದು. ಉಡುಪಿ, ಕಾರವಾರದ ಕಡಲ ಗಾಳಿಗೆ ಕೆಳಭಾಗ ತುಕ್ಕು ಹಿಡಿಯುತ್ತದೆ. ಸಂಡೂರು–ಹೊಸಪೇಟೆ ಕಡೆಯ ಗಾಡಿಯಲ್ಲಿ ಕೆಂಧೂಳು ಏರ್ ಫಿಲ್ಟರ್ ಬಾಕ್ಸಿನವರೆಗೆ ಹೋಗಿರುತ್ತದೆ. ಘಾಟಿ ಹತ್ತಿ ಇಳಿದ ಮಲೆನಾಡಿನ ಗಾಡಿಯಲ್ಲಿ ಕ್ಲಚ್ ಮತ್ತು ಬ್ರೇಕನ್ನು ವಿಶೇಷವಾಗಿ ನೋಡಬೇಕು.

ಮನೆಯಲ್ಲೇ ಕೂತು ಮಾಡುವ ಕೆಲಸ

ಗಾಡಿ ನೋಡಲು ಹೋಗುವ ಮುಂಚೆಯೇ ನಂಬರ್ ಕೇಳಿ ತೆಗೆದುಕೊಳ್ಳಿ. ‘ಬಂದು ನೋಡಿ, ಆಮೇಲೆ ಹೇಳ್ತೀನಿ’ ಎಂದರೆ ಹೋಗಬೇಡಿ. ಸರ್ಕಾರದ ಎಂಪರಿವಾಹನ್ ಆಪ್‌ನಲ್ಲಿ ನಂಬರ್ ಹಾಕಿದರೆ ನೋಂದಣಿ ದಿನಾಂಕ, ಇಂಧನ, ವಿಮೆ ಮತ್ತು ಹೊಗೆ ತಪಾಸಣೆಯ ಅವಧಿ ಎಲ್ಲ ಗೊತ್ತಾಗುತ್ತದೆ. ಸಾಲ ತೀರಿದೆಯೇ, ಬ್ಲ್ಯಾಕ್‌ಲಿಸ್ಟ್ ಆಗಿದೆಯೇ ಎಂಬುದನ್ನೂ ಸಾರಿಗೆ ಇಲಾಖೆಯ ವಾಹನ್ ದಾಖಲೆಯಲ್ಲಿ ನೋಡಿಕೊಳ್ಳಿ. ಸಂಚಾರ ಪೊಲೀಸರ ದಂಡ ಬಾಕಿ ಎಷ್ಟಿದೆ ಎಂಬುದೂ ಆನ್‌ಲೈನ್‌ನಲ್ಲೇ ಸಿಗುತ್ತದೆ. ಬೆಂಗಳೂರಿನ ಗಾಡಿಯಾದರೆ ಇದನ್ನು ಮರೆಯಲೇಬೇಡಿ. ಸಿಗ್ನಲ್ ಜಂಪ್, ನೋ ಪಾರ್ಕಿಂಗ್ ಎಂದು ಸಾವಿರಗಟ್ಟಲೆ ಬಾಕಿ ಇಟ್ಟುಕೊಂಡೇ ಮಾರುವವರಿದ್ದಾರೆ.

ಆರ್‌ಸಿಯಲ್ಲಿ ಎರಡು ಸಂಗತಿ ಗಮನಿಸಿ. ಒಂದು, ವಯಸ್ಸು. ಖಾಸಗಿ ಕಾರಿನ ನೋಂದಣಿ 15 ವರ್ಷಕ್ಕೆ, ಆಮೇಲೆ ಫಿಟ್ನೆಸ್ ಪರೀಕ್ಷೆ ಪಾಸಾದರೆ ಐದೈದು ವರ್ಷಕ್ಕೆ ನವೀಕರಣ. ನವೀಕರಣದ ಶುಲ್ಕವೇ 2022ರ ಏಪ್ರಿಲ್‌ನಿಂದ ಕಾರಿಗೆ 5,000 ರೂಪಾಯಿ ಆಯಿತು, ಹಸಿರು ತೆರಿಗೆ ಮತ್ತು ಓಡಾಟ ಬೇರೆ. 13 ವರ್ಷದ ಗಾಡಿ ಕೊಳ್ಳುವವರು ಎರಡೇ ವರ್ಷಕ್ಕೆ ಆರ್‌ಟಿಒ ಮುಂದೆ ನಿಲ್ಲಬೇಕಾಗುತ್ತದೆ. ಎರಡು, ಹಳದಿ ಬೋರ್ಡಿನಿಂದ ಬಿಳಿ ಬೋರ್ಡಿಗೆ ಬದಲಾದ ಗಾಡಿಯೇ ಎಂಬುದು. ಟ್ಯಾಕ್ಸಿಯಾಗಿ ಓಡಿದ ಡಿಜೈರ್, ಎಟಿಯೋಸ್, ಇನ್ನೋವಾಗಳು ಹೀಗೆ ಬಟ್ಟೆ ಬದಲಿಸಿ ಮಾರುಕಟ್ಟೆಗೆ ಬರುತ್ತವೆ. ಅದರಲ್ಲಿ ತಪ್ಪೇನಿಲ್ಲ, ಬೆಲೆ ಅದಕ್ಕೆ ತಕ್ಕಂತೆ ಇರಬೇಕಷ್ಟೆ. ಅಂಥ ಗಾಡಿಯ ಮೀಟರ್ 70,000 ತೋರಿಸಿದರೆ ನಕ್ಕು ಮುಂದೆ ಹೋಗಿ.

ದೆಹಲಿ ಗಾಡಿಯ ಬಗ್ಗೆ ಒಂದು ಮಾತು. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳಿಗೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2014–15ರಲ್ಲಿ ನಿರ್ಬಂಧ ಹಾಕಿದ ಮೇಲೆ, ವಯಸ್ಸಾಗುತ್ತಿರುವ ಡೀಸೆಲ್ ಗಾಡಿಗಳು ಬೇರೆ ರಾಜ್ಯಗಳಿಗೆ ಅಗ್ಗಕ್ಕೆ ಬರತೊಡಗಿದವು. ಬೆಲೆ ನೋಡಿ ಮರುಳಾಗುವ ಮೊದಲು ಅಲ್ಲಿನ ಆರ್‌ಟಿಒ ಕೊಡುವ ನಿರಾಕ್ಷೇಪಣಾ ಪತ್ರ, ಅಂದರೆ ಎನ್‌ಒಸಿ, ಇಲ್ಲಿನ ಜೀವಾವಧಿ ತೆರಿಗೆ, ಹೊಸ ನಂಬರ್, ಇವೆಲ್ಲದರ ಖರ್ಚು ಕೂಡಿಸಿ ನೋಡಿ. ಎಷ್ಟೋ ಸಲ ಇಲ್ಲಿಯದೇ ಗಾಡಿ ಅಗ್ಗವಾಗಿ ಕಾಣುತ್ತದೆ.

ಮೀಟರ್ ನಿಜ ಹೇಳುತ್ತಿದೆಯೇ?

ಇದಕ್ಕೆ ಸಮಯ ಕೊಡಿ. ಡಿಜಿಟಲ್ ಮೀಟರ್ ಬಂದಮೇಲೆ ಸುಳ್ಳು ಕಷ್ಟವಾಯಿತು ಎಂದು ಜನ ಅಂದುಕೊಂಡಿದ್ದಾರೆ. ವಾಸ್ತವದಲ್ಲಿ ಲ್ಯಾಪ್‌ಟಾಪ್ ಮತ್ತು ಒಂದು ಕೇಬಲ್ ಇದ್ದರೆ ಅದು ಸುಲಭವಾಗಿದೆ.

ಮೊದಲ ಸಾಕ್ಷಿ ಸರ್ವಿಸ್ ಸೆಂಟರ್. ಮಾಲೀಕರನ್ನು ಜತೆಗೆ ಕರೆದುಕೊಂಡು ಹೋದರೆ, ಅಥವಾ ಅವರೇ ಫೋನ್ ಮಾಡಿ ಕೇಳಿದರೆ, ಯಾವ ತಾರೀಖು ಎಷ್ಟು ಕಿಲೋಮೀಟರಿಗೆ ಗಾಡಿ ಬಂದಿತ್ತು, ಏನು ಕೆಲಸ ಆಯಿತು ಎಂಬ ಪಟ್ಟಿ ಕಂಪನಿಯ ಕಂಪ್ಯೂಟರಿನಲ್ಲಿ ಸಿಗುತ್ತದೆ. 2021ರಲ್ಲಿ 92,000 ಇದ್ದದ್ದು ಈಗ 64,000 ಆಗಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಪಟ್ಟಿಯಲ್ಲಿ 60,000ದವರೆಗೆ ಕ್ರಮವಾಗಿ ಎಂಟ್ರಿ ಇದ್ದು, ಆಮೇಲೆ ನಾಲ್ಕು ವರ್ಷ ಸುದ್ದಿಯೇ ಇಲ್ಲದಿದ್ದರೆ ಹೊರಗಿನ ಗ್ಯಾರೇಜಿನ ಬಿಲ್ ಕೇಳಿ. ಹೊರಗೆ ಸರ್ವಿಸ್ ಮಾಡಿಸುವುದು ತಪ್ಪಲ್ಲ, ಬಿಲ್ ಇಲ್ಲದಿರುವುದು ತಪ್ಪು.

ಎರಡನೆಯದು ಟೈರ್. ಅಂಚಿನಲ್ಲಿ ನಾಲ್ಕು ಅಂಕಿಯ ಗುರುತು ಇರುತ್ತದೆ. 2319 ಎಂದಿದ್ದರೆ ಆ ಟೈರ್ 2019ರ 23ನೇ ವಾರ ತಯಾರಾದದ್ದು. ಗಾಡಿ 2018ರದ್ದು, ಮೀಟರ್ 35,000, ಆದರೆ ನಾಲ್ಕೂ ಟೈರ್ 2022ರವು. ಹಾಗಾದರೆ ಮೊದಲಿನವು ಅಷ್ಟು ಬೇಗ ಯಾಕೆ ಸವೆದವು? ಸ್ಟೆಪ್ನಿಯನ್ನೂ ಹೊರಗೆ ತೆಗೆಸಿ ನೋಡಿ, ಅದು ಎಷ್ಟೋ ಸಲ ಮೂಲ ಟೈರೇ ಆಗಿರುತ್ತದೆ. ಎಷ್ಟು ಸವೆದಿದೆ ಎಂಬುದೂ ಒಂದು ಸುಳಿವು.

ಮೂರನೆಯದು ಕೈಕಾಲು ತಾಗುವ ಜಾಗಗಳು. ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಹಿಡಿತ, ಗೇರ್ ನಾಬ್, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಡ್ರೈವರ್ ಕಿಟಕಿಯ ಸ್ವಿಚ್. 40,000 ಓಡಿದ ಗಾಡಿಯ ಪೆಡಲ್ ರಬ್ಬರ್ ನುಣ್ಣಗಾಗಿ ಕಬ್ಬಿಣ ಇಣುಕುವುದಿಲ್ಲ. ಹಳೇ ಗಾಡಿಗೆ ಹೊಚ್ಚಹೊಸ ಪೆಡಲ್ ರಬ್ಬರ್ ಹಾಕಿದ್ದರೂ ಅನುಮಾನಪಡಿ, ಅದನ್ನು ಯಾರೂ ಪ್ರೀತಿಯಿಂದ ಬದಲಿಸುವುದಿಲ್ಲ.

ವಿಮೆಯ ಹಳೇ ಪಾಲಿಸಿಗಳನ್ನೂ ಕೇಳಿ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20ರಿಂದ ಶುರುವಾಗಿ 25, 35, 45 ಎಂದು ಏರಿ 50 ಪರ್ಸೆಂಟಿಗೆ ಮುಟ್ಟುತ್ತದೆ. 50 ಇದ್ದರೆ ಮಾಲೀಕರು ಐದು ವರ್ಷ ಕ್ಲೇಮ್ ಮಾಡಿಲ್ಲ ಎಂದರ್ಥ. ಸೊನ್ನೆ ಇದ್ದರೆ ಏನಾಗಿತ್ತು ಎಂದು ಕೇಳಿ, ಬಂಪರ್ ಗೀರಿದ್ದೂ ಇರಬಹುದು, ಮುಂಭಾಗವೇ ಹೋಗಿದ್ದೂ ಇರಬಹುದು.

ಬೆಳಿಗ್ಗೆ, ತಣ್ಣಗಿರುವ ಎಂಜಿನ್ ನೋಡಿ

ಮಾರುವವರಿಗೆ ಮೊದಲೇ ಹೇಳಿ: ‘ನಾನು ಬರುವವರೆಗೂ ಸ್ಟಾರ್ಟ್ ಮಾಡಬೇಡಿ.’ ಹೋದಾಗ ಬೋನೆಟ್ ಮುಟ್ಟಿದರೆ ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಬಿಸಿಯಾದ ಎಂಜಿನ್ ತನ್ನ ಅರ್ಧ ರೋಗ ಮುಚ್ಚಿಡುತ್ತದೆ.

ಕೀ ತಿರುಗಿಸಿ, ಸ್ಟಾರ್ಟ್ ಮಾಡುವ ಮೊದಲು ಒಂದು ಕ್ಷಣ ನಿಲ್ಲಿ. ಚೆಕ್ ಎಂಜಿನ್, ಏರ್‌ಬ್ಯಾಗ್, ಎಬಿಎಸ್ ದೀಪಗಳೆಲ್ಲ ಹೊತ್ತಬೇಕು, ಆಮೇಲೆ ಆರಬೇಕು. ಹೊತ್ತದೇ ಇರುವ ದೀಪ ಆರದೇ ಇರುವ ದೀಪಕ್ಕಿಂತ ಕೆಟ್ಟದ್ದು, ಯಾರೋ ಕನೆಕ್ಷನ್ ತೆಗೆದಿದ್ದಾರೆ.

ಸೆಲ್ಫ್ ಹೊಡೆದಾಗ ಒಂದೆರಡು ಸುತ್ತಿಗೇ ಹಿಡಿಯಬೇಕು. ಸ್ಟಾರ್ಟ್ ಆದ ಕ್ಷಣ ಸೈಲೆನ್ಸರ್ ಕಡೆ ಒಬ್ಬರು ನಿಂತಿರಲಿ. ಬೆಳಿಗ್ಗೆ ಸ್ವಲ್ಪ ಬಿಳಿ ಆವಿ ಬಂದು ನಿಂತರೆ ಚಿಂತೆಯಿಲ್ಲ. ನೀಲಿ ಹೊಗೆ ಬಂದರೆ ಎಂಜಿನ್ ಆಯಿಲ್ ಕುಡಿಯುತ್ತಿದೆ. ಬಿಸಿಯಾದ ಮೇಲೂ ದಟ್ಟ ಬಿಳಿ ಹೊಗೆ ನಿಲ್ಲದಿದ್ದರೆ ಕೂಲಂಟ್ ಒಳಗೆ ಹೋಗುತ್ತಿರಬಹುದು, ಅಂದರೆ ಎಂಜಿನ್ ಹೆಡ್ಡಿನ ಅಡಿಯ ಸೀಲ್, ಹೆಡ್ ಗ್ಯಾಸ್ಕೆಟ್, ಹೋಗಿರಬಹುದು. ಡೀಸೆಲ್ ಗಾಡಿ ರೇಸ್ ಮಾಡಿದಾಗ ಕಪ್ಪು ಹೊಗೆ ಜೋರಾಗಿ ಬಂದರೆ ಇಂಜೆಕ್ಟರ್, ಟರ್ಬೊ, ಇಜಿಆರ್ (ಹೊಗೆಯ ಒಂದು ಭಾಗವನ್ನು ಮತ್ತೆ ಎಂಜಿನ್ನಿಗೆ ಕಳಿಸುವ ವಾಲ್ವ್) ಇವುಗಳಲ್ಲಿ ಯಾವುದೋ ಒಂದರ ಕೆಲಸ ಇದೆ.

ಇನ್ನು ಮೆಕ್ಯಾನಿಕ್‌ಗಳು ‘ಬ್ಯಾಕ್ ಕಂಪ್ರೆಷನ್’ ಎನ್ನುವ ಪರೀಕ್ಷೆ. ಎಂಜಿನ್ ಐಡಲ್‌ನಲ್ಲಿ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದು, ಅದೇ ಬಾಯಿಯ ಮೇಲೆ ಸುಮ್ಮನೆ ಬೋರಲು ಇಡಿ. ಸಣ್ಣಗೆ ಅಲುಗಿದರೆ ಸರಿ. ಟಪಟಪ ಕುಣಿದು ಬೀಳುವಂತಿದ್ದರೆ, ಒಳಗಿಂದ ಹೊಗೆ ಬುಸುಗುಡುತ್ತಿದ್ದರೆ ಪಿಸ್ಟನ್ ರಿಂಗ್ ಸವೆದು ಒತ್ತಡ ಕೆಳಗೆ ಸೋರುತ್ತಿದೆ. ಹೆಚ್ಚು ಓಡಿದ ಗಾಡಿಯಲ್ಲಿ ನಾನು ಎಲ್ಲಕ್ಕಿಂತ ಹೆಚ್ಚು ನಂಬುವುದು ಈ ಕಾಸಿಲ್ಲದ ಪರೀಕ್ಷೆಯನ್ನು. ಇದರಲ್ಲಿ ಫೇಲಾದರೆ ಉಳಿದದ್ದು ಎಷ್ಟೇ ಚೆನ್ನಾಗಿದ್ದರೂ ಕೈಮುಗಿಯಿರಿ, ಎಂಜಿನ್ ಬಿಚ್ಚುವ ಕೆಲಸ ಅದು. ಮುಚ್ಚಳದ ಒಳಗೆ ಕೆನೆಯಂಥ ಅಂಟು ಇದೆಯೇ ನೋಡಿ, ಇದ್ದರೆ ಆಯಿಲ್‌ನೊಳಗೆ ನೀರು ಸೇರಿದೆಯೇ ಎಂದು ಖಚಿತ ಮಾಡಿಕೊಳ್ಳಿ. ಕೂಲಂಟ್ ತೊಟ್ಟಿಯಲ್ಲಿ ಆಯಿಲ್ ಜಿಡ್ಡು ತೇಲುತ್ತಿದ್ದರೂ ಆ ಗಾಡಿ ಬೇಡ. ರೇಡಿಯೇಟರ್ ಮುಚ್ಚಳವನ್ನು ಮಾತ್ರ ಬಿಸಿಯಲ್ಲಿ ತೆಗೆಯಬೇಡಿ, ಕೈ ಸುಡುತ್ತದೆ.

ಡೀಸೆಲ್ ಗಾಡಿಯ ಆಯಿಲ್ ಕಪ್ಪಗಿದೆ ಎಂದು ಹೆದರುವವರಿದ್ದಾರೆ. ಡೀಸೆಲ್‌ನಲ್ಲಿ ಹೊಸ ಆಯಿಲ್ ಕೂಡ ಕೆಲವೇ ದಿನಕ್ಕೆ ಕಪ್ಪಾಗುತ್ತದೆ. ಆಯಿಲ್ ತೀರಾ ಹೊಸದಾಗಿ, ದಪ್ಪವಾಗಿ ಕಂಡರೇ ನನಗೆ ಅನುಮಾನ, ಸದ್ದು ಮುಚ್ಚಲು ಹಾಕಿರಬಹುದು.

ಓಡಿಸುವಾಗ ಸ್ಟೀರಿಯೊ ಆಫ್ ಮಾಡಿ

ಒಳ್ಳೆ ರಸ್ತೆ, ಹಂಪ್ ಇರುವ ಗಲ್ಲಿ, ಒಂದು ಏರು ಇಷ್ಟೂ ಇರುವ ದಾರಿ ಹಿಡಿಯಿರಿ. ಮಾರುವವರು ಮಾತಾಡುತ್ತಲೇ ಇದ್ದರೆ ವಿನಯವಾಗಿ ಸುಮ್ಮನಿರಲು ಹೇಳಿ.

ಕ್ಲಚ್ ನೋಡಲು ಸುಲಭದ ದಾರಿ: ಏರಿನಲ್ಲಿ ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಮೇಲೆ ಹಾರಿ ಗಾಡಿ ಮಾತ್ರ ಹಾಗೇ ತೆವಳಿದರೆ ಕ್ಲಚ್ ಪ್ಲೇಟ್ ಮುಗಿದಿದೆ. ಖಾಲಿ ಜಾಗದಲ್ಲಿ ಸ್ಟೇರಿಂಗ್ ಪೂರ್ತಿ ಒಂದು ಕಡೆಗೆ ತಿರುಗಿಸಿ ನಿಧಾನ ಸುತ್ತಿ, ಟಕ್ ಟಕ್ ಎಂದರೆ ಎಕ್ಸಲ್ ಜಾಯಿಂಟ್. ಹಂಪ್ ಮೇಲೆ ಕಡ್ ಎಂದರೆ ಸಸ್ಪೆನ್ಷನ್‌ನ ಲಿಂಕ್ ರಾಡ್, ಬುಷ್ ಅಥವಾ ಲೋವರ್ ಆರ್ಮ್. 60ರ ವೇಗದಲ್ಲಿ ‘ಹೂಂ’ ಎಂಬ ಸದ್ದು ವೇಗದ ಜತೆ ಏರಿದರೆ ವೀಲ್ ಬೇರಿಂಗ್. ಇವ್ಯಾವುವೂ ಗಾಡಿ ಬಿಡಲು ಕಾರಣವಲ್ಲ, ಬೆಲೆ ಇಳಿಸಲು ಕಾರಣ. ಲಕ್ಷ ದಾಟಿದ ಗಾಡಿಯಲ್ಲಿ ಇವು ಇರುವುದೇ ಸಹಜ.

ಆಟೊಮ್ಯಾಟಿಕ್ ಗೇರ್‌ಬಾಕ್ಸ್ ಮಾತ್ರ ಬೇರೆ ಕಥೆ. ಗೇರ್ ಬೀಳುವಾಗ ಒದ್ದಂತಾದರೆ, ನಿಂತ ಗಾಡಿ ‘ಡಿ’ಗೆ ಹಾಕಿದಾಗ ತಡವಾಗಿ ಹಿಡಿದರೆ, ಅದರ ರಿಪೇರಿ ಬಿಲ್ ಗಾಡಿಯ ಬೆಲೆಗೇ ಪೈಪೋಟಿ ಕೊಡಬಹುದು. ಹೆಚ್ಚು ಓಡಿದ ಹಳೇ ಗಾಡಿಯೇ ಬೇಕು ಎನ್ನುವವರಿಗೆ ಮ್ಯಾನ್ಯುಯಲ್ ತೆಗೆದುಕೊಳ್ಳಿ ಎನ್ನುವವನು ನಾನು.

ಮೆಕ್ಯಾನಿಕ್ ಹತ್ತಿರ ಲಿಫ್ಟಿಗೆ ಏರಿಸಿ

ಮಾರುವವರ ಪರಿಚಯದ ಗ್ಯಾರೇಜ್ ಬೇಡ, ನಿಮ್ಮದಿರಲಿ. ನನಗೆ ಪರಿಚಯದ ಮೆಕ್ಯಾನಿಕ್ ಒಬ್ಬರ ಹತ್ತಿರ ‘ಒಂದೂವರೆ ಲಕ್ಷ ಓಡಿದೆ, ಪರವಾಗಿಲ್ವಾ?’ ಎಂದು ಕೇಳಿದರೆ ಅವರು ಹೇಳುವುದು ಒಂದೇ: ‘ಓಡ್ಲಿ ಬಿಡಿ ಸಾರ್. ಬೆಲ್ಟು ಚೇಂಜ್ ಆಗಿದ್ಯಾ ಕೇಳಿ ಮೊದ್ಲು.’

ಅವರ ಮಾತು ಸರಿ. ಹಳೇ ಇನ್ನೋವಾದ 2.5 ಲೀಟರ್ ಡೀಸೆಲ್ ಎಂಜಿನ್‌ಗೆ ಟೈಮಿಂಗ್ ಬೆಲ್ಟ್ ಇದೆ, ಲಕ್ಷ ಕಿಲೋಮೀಟರ್ ಆಸುಪಾಸಿನಲ್ಲಿ ಬದಲಿಸಬೇಕು. ಡ್ಯಾಶ್‌ಬೋರ್ಡಿನಲ್ಲಿ ಅದಕ್ಕೆಂದೇ ಒಂದು ದೀಪವೂ ಇದೆ. ಬೆಲ್ಟ್ ಬದಲಿಸದೆ ದೀಪವನ್ನಷ್ಟೇ ರೀಸೆಟ್ ಮಾಡಿರಲೂಬಹುದು, ಹಾಗಾಗಿ ಬಿಲ್ ನೋಡಿಯೇ ನಂಬಿ. ಡಸ್ಟರ್‌ನ 1.5 ಡೀಸೆಲ್‌ನಲ್ಲೂ ಬೆಲ್ಟೇ. ಬೆಲ್ಟ್ ಓಡುವಾಗ ತುಂಡಾದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಎಂಜಿನ್ ಹಾಳಾಗುತ್ತದೆ. ಸ್ವಿಫ್ಟ್, ಡಿಜೈರ್ ಮತ್ತು ಟಾಟಾದ ಹಲವು ಕಾರುಗಳಲ್ಲಿದ್ದ 1.3 ಲೀಟರ್ ಡೀಸೆಲ್‌ಗೆ ಬೆಲ್ಟಿನ ಬದಲು ಚೈನ್ ಇದೆ. ಇನ್ನೋವಾ ಕ್ರಿಸ್ಟಾದ 2.4ಕ್ಕೂ ಚೈನೇ. ಚೈನ್‌ಗೆ ಬದಲಿಸುವ ಗಡುವು ಇಲ್ಲ, ಆದರೆ ಆಯಿಲ್ ಸರಿಯಾಗಿ ಬದಲಿಸದ ಗಾಡಿಯಲ್ಲಿ ಅದು ಸಡಿಲವಾಗಿ ತಣ್ಣನೆ ಸ್ಟಾರ್ಟಿನಲ್ಲಿ ಗಲಗಲ ಎನ್ನುತ್ತದೆ.

2020ರ ಏಪ್ರಿಲ್ ನಂತರದ ಬಿಎಸ್6 (ಹೊಸ ಹೊಗೆ ನಿಯಮದ) ಡೀಸೆಲ್ ಆದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರ್ ಹೇಗಿದೆ ಎಂದು ಕೇಳಿ. ಅದು ತನ್ನನ್ನು ತಾನೇ ಸುಟ್ಟು ಶುಚಿ ಮಾಡಿಕೊಳ್ಳಲು ಹೈವೇ ಓಟ ಬೇಕು. ಇಲ್ಲೂ ಊರಿನೊಳಗೇ ಮಕ್ಕಳ ಶಾಲೆಗೆ, ಮಾರ್ಕೆಟ್ಟಿಗೆ ಓಡಿದ ಕಡಿಮೆ ಕಿಲೋಮೀಟರಿನ ಗಾಡಿಗಿಂತ ದೂರ ಓಡಿದ್ದೇ ಆರೋಗ್ಯವಾಗಿರುತ್ತದೆ.

ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ. ಎರರ್ ಕೋಡ್ ಇಲ್ಲ ಎಂದ ಮಾತ್ರಕ್ಕೆ ಸುಮ್ಮನಾಗಬೇಡಿ, ‘ರೆಡಿನೆಸ್’ ಎಂಬ ಪುಟ ತೋರಿಸಲು ಹೇಳಿ. ಮುಂಚಿನ ದಿನವಷ್ಟೇ ಕೋಡ್ ಅಳಿಸಿ ತಂದಿದ್ದರೆ ಅಲ್ಲಿ ಪರೀಕ್ಷೆಗಳು ಇನ್ನೂ ಮುಗಿದಿಲ್ಲ ಎಂದು ಬರುತ್ತದೆ.

ಲಿಫ್ಟ್ ಮೇಲಿರುವಾಗಲೇ ಅಪಘಾತ ಮತ್ತು ಪ್ರವಾಹದ ಗುರುತು ಹುಡುಕಿ. ಬೋನೆಟ್ ಒಳಗಿನ ಬೋಲ್ಟ್‌ಗಳ ಮೇಲೆ ಪಾನಾ ತಾಗಿದ ಗೀರು, ಒಂದು ಕಡೆ ಮಾತ್ರ ವೆಲ್ಡಿಂಗ್ ಚುಕ್ಕೆಗಳ ಸಾಲು ತಪ್ಪಿರುವುದು, ಎರಡು ಬಾಗಿಲ ಬಣ್ಣದಲ್ಲಿ ಸಣ್ಣ ಛಾಯೆ ವ್ಯತ್ಯಾಸ. ಬಂಪರ್, ಬಾಗಿಲಿಗೆ ಬಣ್ಣ ಆಗಿದ್ದರೆ ಚಿಂತೆಯಿಲ್ಲ, ಊರಿನಲ್ಲಿ ಓಡಿದ ಗಾಡಿಗೆ ಅದು ಆಗಿಯೇ ಆಗುತ್ತದೆ. ಛಾವಣಿ ಹೊರುವ ಪಿಲ್ಲರ್, ಗಾಡಿಯ ಅಡಿಗಟ್ಟಾದ ಚಾಸಿ ಮುಟ್ಟಿದ್ದರೆ ಬೇಡ. ನೀರಿಗೆ ಸಿಕ್ಕಿದ ಗಾಡಿಗೆ ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ, ತೊಳೆದವರು ಅಲ್ಲಿನ ಕೆಸರನ್ನು ಮರೆತಿರುತ್ತಾರೆ. 2015 ಮತ್ತು 2023ರ ಚೆನ್ನೈ ಪ್ರವಾಹ, 2022ರ ಸೆಪ್ಟೆಂಬರಿನಲ್ಲಿ ಬೆಳ್ಳಂದೂರು–ಸರ್ಜಾಪುರ ರಸ್ತೆ ಕಡೆ ಮುಳುಗಿದ ಬೇಸ್‌ಮೆಂಟುಗಳು, ಅಲ್ಲಿಂದ ಎತ್ತಿದ ಗಾಡಿಗಳೆಲ್ಲ ಗುಜರಿಗೇ ಹೋದವು ಎಂದುಕೊಳ್ಳಬೇಡಿ.

ಈಗ ಒಂದು ಹಾಳೆ, ಒಂದು ಪೆನ್ನು

ಮೆಕ್ಯಾನಿಕ್ ಹೇಳಿದ್ದನ್ನು ಎರಡು ಪಟ್ಟಿ ಮಾಡಿ. ಈಗಲೇ ಆಗಬೇಕಾದದ್ದು, ಎರಡು ವರ್ಷದೊಳಗೆ ಬರುವಂಥದ್ದು. ಪ್ರತಿಯೊಂದಕ್ಕೂ ಅವರ ಬಾಯಿಂದಲೇ ರೇಟ್ ಬರೆಸಿಕೊಳ್ಳಿ. ಉದಾಹರಣೆಗೆ 1,40,000 ಓಡಿದ ಗಾಡಿಗೆ ನಾಲ್ಕು ಲಕ್ಷ ಕೇಳುತ್ತಿದ್ದಾರೆ, ಟೈರ್, ಕ್ಲಚ್, ಬೆಲ್ಟ್, ಸಸ್ಪೆನ್ಷನ್ ಎಲ್ಲ ಸೇರಿ 75,000 ಎಂದು ಲೆಕ್ಕ ಬಂತು ಅನ್ನಿ. ಅಂಥದ್ದೇ ಮಾಡೆಲ್, ಅದೇ ವರ್ಷ, 70,000 ಓಡಿದ್ದು, ದಾಖಲೆ ಸರಿಯಿರುವುದು ನಾಲ್ಕೂವರೆಗೆ ಸಿಗುತ್ತಿದ್ದರೆ ಹೆಚ್ಚು ಓಡಿದ್ದಕ್ಕೆ ಅರ್ಥವಿಲ್ಲ. ಮೂರೂಕಾಲಿಗೆ ಇಳಿದರೆ ಅರ್ಥ ಇದೆ. ‘ಗಾಡಿ ಚೆನ್ನಾಗಿಲ್ಲ’ ಎಂದು ಚೌಕಾಶಿಗೆ ಇಳಿದರೆ ಜಗಳವಾಗುತ್ತದೆ, ಆ ಹಾಳೆ ತೋರಿಸಿದರೆ ಮಾತುಕತೆಯಾಗುತ್ತದೆ.

ನೀವು ವರ್ಷಕ್ಕೆ ಎಷ್ಟು ಓಡಿಸುತ್ತೀರಿ ಎಂಬುದನ್ನೂ ಅದೇ ಹಾಳೆಯಲ್ಲಿ ಬರೆಯಿರಿ. ತಿಂಗಳಿಗೊಮ್ಮೆ ಊರಿಗೆ, ಭಾನುವಾರ ದೇವಸ್ಥಾನಕ್ಕೆ ಎನ್ನುವವರಿಗೆ ಲಕ್ಷ ದಾಟಿದ ಪೆಟ್ರೋಲ್ ಗಾಡಿ ಸಾಕು. ದಿನಾ 80 ಕಿಲೋಮೀಟರ್ ಓಡಿಸುವವರು, ಒಂದು ದಿನ ಗಾಡಿ ನಿಂತರೂ ಕೆಲಸ ಕೆಡುತ್ತದೆ ಎನ್ನುವವರು ಕಡಿಮೆ ಓಡಿದ್ದಕ್ಕೇ ಹೆಚ್ಚು ಹಣ ಕೊಡುವುದು ಮೇಲು. ಸಾಲ ಮಾಡಿ ಕೊಳ್ಳುವವರು ಹಳೇ ಗಾಡಿಯ ಸಾಲದ ಬಡ್ಡಿ ಹೊಸದಕ್ಕಿಂತ ಹೆಚ್ಚಿರುತ್ತದೆ ಎಂಬುದನ್ನು ಮರೆಯಬಾರದು.

ಹಣ ಕೊಡುವ ದಿನ

ಮಾಲೀಕತ್ವ ಬದಲಿಸುವ ಫಾರಂ 29 ಮತ್ತು 30ಕ್ಕೆ ಸಹಿ, ಬ್ಯಾಂಕ್ ಸಾಲ ಇದ್ದಿದ್ದರೆ ಅದು ತೀರಿತೆನ್ನುವ ಫಾರಂ 35 ಮತ್ತು ಬ್ಯಾಂಕಿನ ಎನ್‌ಒಸಿ, ಬೇರೆ ರಾಜ್ಯದ್ದಾದರೆ ಅಲ್ಲಿನ ಎನ್‌ಒಸಿಯ ಫಾರಂ 28. ಎರಡೂ ಕೀ ಕೇಳಿ ತೆಗೆದುಕೊಳ್ಳಿ. 2019ರ ಏಪ್ರಿಲ್‌ಗೆ ಮೊದಲಿನ ಗಾಡಿಯಾದರೆ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ ನೋಂದಣಿ) ನಂಬರ್ ಪ್ಲೇಟ್ ಹಾಕಿಸಿದ್ದಾರೆಯೇ ನೋಡಿ. ಗಾಡಿ ಕೈಬದಲಾದ ತಾರೀಖು ಮತ್ತು ಗಂಟೆ ಬರೆದ ಚೀಟಿಗೆ ಇಬ್ಬರೂ ಸಹಿ ಹಾಕಿ. ಮಾರಿದವರು 14 ದಿನದೊಳಗೆ, ಕೊಂಡವರು 30 ದಿನದೊಳಗೆ ಆರ್‌ಟಿಒಗೆ ತಿಳಿಸಬೇಕು ಎಂಬುದು ಮೋಟಾರು ವಾಹನ ಕಾಯ್ದೆಯ ಮಾತು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಮಾಡಿಸಿ. ಮಾರಿದವರ ನೋ ಕ್ಲೇಮ್ ಬೋನಸ್ ನಿಮಗೆ ಬರುವುದಿಲ್ಲ, ಪ್ರೀಮಿಯಂ ವ್ಯತ್ಯಾಸ ಕಟ್ಟಬೇಕಾಗುತ್ತದೆ.

‘ಆಮೇಲೆ ಟ್ರಾನ್ಸ್‌ಫರ್ ಮಾಡಿಸಿಕೊಳ್ಳಿ, ಅರ್ಜೆಂಟ್ ಏನಿಲ್ಲ’ ಎನ್ನುವ ಬ್ರೋಕರ್ ಮಾತು ಇಬ್ಬರಿಗೂ ಒಳ್ಳೆಯದಲ್ಲ. ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತದ ಪರಿಹಾರದ ಹೊಣೆ ಅವರದ್ದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಆದ್ದರಿಂದ ಮಾರುವವರಿಗೇ ಇದರಲ್ಲಿ ಹೆಚ್ಚು ಆತುರ ಇರಬೇಕು. ಇಲ್ಲದಿದ್ದರೆ ಯಾಕಿಲ್ಲ ಎಂದು ಕೇಳಿ, ಎಷ್ಟೋ ಸಲ ಆರ್‌ಸಿಯಲ್ಲಿರುವವರು ಇನ್ಯಾರೋ ಆಗಿರುತ್ತಾರೆ.

ಗಾಡಿ ಮನೆಗೆ ಬಂದ ವಾರದಲ್ಲೇ ಎಂಜಿನ್ ಆಯಿಲ್, ಎಲ್ಲ ಫಿಲ್ಟರ್, ಕೂಲಂಟ್, ಬ್ರೇಕ್ ಆಯಿಲ್ ಬದಲಿಸಿ. ‘ಮೊನ್ನೆ ತಾನೇ ಸರ್ವಿಸ್ ಆಗಿದೆ’ ಎಂದಿದ್ದರೂ ಬದಲಿಸಿ. ಟೈಮಿಂಗ್ ಬೆಲ್ಟಿನ ಬಿಲ್ ಸಿಗದಿದ್ದರೆ ಅದನ್ನೂ ಹಾಕಿಸಿಬಿಡಿ. ಅವತ್ತಿನ ಮೀಟರ್ ರೀಡಿಂಗ್ ಬಿಲ್ಲಿನ ಮೇಲೆ ಬರೆಸಿ, ಆ ಬಿಲ್ಲನ್ನು ಡ್ಯಾಶ್‌ಬೋರ್ಡಿನಲ್ಲೇ ಇಡಿ.